ಬೀರುವಿನಲ್ಲಿರೋದು ಎಷ್ಟು ಬಾಳುತ್ತೆ?

ಅಕ್ಕನ ಮಗಳು: ಚಿಕ್ಕಮ್ಮ, ಅಮ್ಮ ಚಿಕ್ಕ ಮನೆಗೆ ಹೋಗ್ತಿದ್ದಾಳೆ. ಬೀರುವಿನಲ್ಲಿರೋ ಸೀರೆಗಳನ್ನ ನಿನಗೆ ಬೇಕಾದ ಹಾಗೆ ಮಾಡು ಅಂತ ನನಗೇ ಬಿಟ್ಟಿದ್ದಾಳೆ. ಹಳೇ ಜರಿ ಸೀರೆ ಕೊಳ್ಳೋರು ಬಂದು ನೋಡಿ, ಅಂಚು ಸೆರಗು ಕೈಯಲ್ಲಿ ತೂಗಿದ ಹಾಗೆ ಮಾಡಿ, ಎಲ್ಲಾ ಸೇರಿಸಿ ಒಂದು ಮೊತ್ತ ಹೇಳಿ ಹೋದ್ರು. ಕೊಟ್ಟುಬಿಡೋಣವಾ? ನೀನು ಇಷ್ಟು ವರ್ಷ ಹಳೇ ಸೀರೆ ಕೊಂಡು ಮಾರಿದವಳು, ಅದಕ್ಕೇ ಕೇಳ್ತಿದ್ದೀನಿ.

ಚಿಕ್ಕಮ್ಮ: ಇನ್ನೂ ಕೊಡಬೇಡ. ಅವರು ಏನನ್ನ ಕೊಳ್ತಿದ್ದಾರೆ ಅಂತ ಮೊದಲು ನಿನಗೆ ಗೊತ್ತಾಗಲಿ. ಅವರಿಗೆ ಬೇಕಾಗಿರೋದು ಬೆಳ್ಳಿ. ಅಂಚು, ಸೆರಗು ಕತ್ತರಿಸಿ ಸುಟ್ಟು, ಬೂದಿ ಕರಗಿಸಿ, ಬೆಳ್ಳಿ ಗಟ್ಟಿ ತೆಗೀತಾರೆ. ಅದು ನ್ಯಾಯವಾದ ಕಸುಬೇ, ತಪ್ಪಿಲ್ಲ. ಆದರೆ ಸುಟ್ಟಮೇಲೆ ರೇಷ್ಮೆಯೂ ಇಲ್ಲ, ನೇಯ್ಗೆಯೂ ಇಲ್ಲ. ಒಂದು ಸೀರೆಗೆ ಮೂರು ಬೆಲೆ ಇರುತ್ತೆ. ಕರಗಿಸಿದ್ರೆ ಎಷ್ಟು, ಇನ್ನೊಬ್ಬಳು ಉಡೋದಾದ್ರೆ ಎಷ್ಟು, ನೇಯ್ಗೆ ಕಸೂತಿ ಗೊತ್ತಿರೋರು ಜೋಪಾನ ಮಾಡೋಕೆ ಅಂತಲೇ ಕೊಂಡ್ರೆ ಎಷ್ಟು. ಈ ಮೂರರಲ್ಲಿ ಯಾವುದನ್ನ ಮಾರ್ತಿದ್ದೀಯ ಅಂತ ತಿಳಿಯದೆ ಬೆಲೆ ಮಾತಾಡಬಾರದು.

ಅಕ್ಕನ ಮಗಳು: ಕರಗಿಸೋ ಬೆಲೆಯನ್ನ ನಾನೇ ಲೆಕ್ಕ ಹಾಕಬಹುದಾ?

ಚಿಕ್ಕಮ್ಮ: ಹಾಕಬಹುದು, ಹಾಕಲೇಬೇಕು. ಮೈಸೂರು ರೇಷ್ಮೆಯನ್ನೇ ತಗೋ. ಕರ್ನಾಟಕ ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿ ಬಳಸೋ ಜರಿಯಲ್ಲಿ ಶೇಕಡಾ 65 ಬೆಳ್ಳಿ, ಶೇಕಡಾ 0.65 ಚಿನ್ನ ಅಂತ ಅವರೇ ಹೇಳ್ತಾರೆ. ಒಂದು ಸೀರೆಯ ಅಂಚು ಸೆರಗಿನಲ್ಲಿ 100 ಗ್ರಾಂ ಜರಿ ಇದೆ ಅಂದುಕೋ. 65 ಗ್ರಾಂ ಬೆಳ್ಳಿ, 0.65 ಗ್ರಾಂ ಚಿನ್ನ. ಆ ದಿನದ ಪೇಟೆ ಧಾರಣೆಗೆ ಗುಣಿಸು, ಸುಟ್ಟು ಕರಗಿಸೋ ಖರ್ಚು, ಅವರ ಲಾಭ ಕಳೆ. ಅವರು ಹೇಳಿದ ಮೊತ್ತ ಹತ್ತಿರಕ್ಕೆ ಬರುತ್ತಾ ಇಲ್ವಾ ನಿನಗೇ ಗೊತ್ತಾಗುತ್ತೆ. ಬೆಳ್ಳಿ ಬೆಲೆ ಏರಿದಾಗಲೆಲ್ಲ ಇಂಥ ಕೊಳ್ಳುವವರು ಬೀದಿಗೆ ಹೆಚ್ಚು ಬರ್ತಾರೆ. ಅದೇ ಒಂದು ಸೂಚನೆ.

ಅಕ್ಕನ ಮಗಳು: ಜರಿ ಅಪ್ಪಟವೇ ಅಂತ ತಿಳಿಯೋದು ಹೇಗೆ? ಎಲ್ಲವೂ ಒಂದೇ ಥರ ಹೊಳೆಯುತ್ತೆ.

ಚಿಕ್ಕಮ್ಮ: ಹೊಳಪು ನಂಬಬೇಡ. ಅಪ್ಪಟ ಜರಿ ಅಂದ್ರೆ ರೇಷ್ಮೆ ಎಳೆಯ ಮೇಲೆ ಚಪ್ಪಟೆ ಮಾಡಿದ ಬೆಳ್ಳಿ ತಂತಿ ಸುತ್ತಿ, ಅದಕ್ಕೆ ಚಿನ್ನದ ಲೇಪ ಕೊಟ್ಟಿರೋದು. ಸೆರಗಿನ ಕೊನೆಯ ಕುಚ್ಚಿನಲ್ಲೋ ಅಂಚಿನ ಒಳಭಾಗದಲ್ಲೋ ಬಿಟ್ಟ ಒಂದು ಎಳೆ ಸಿಗುತ್ತೆ. ಅದನ್ನ ಉಗುರಿನಲ್ಲಿ ಕೆರೆದು ಬಿಚ್ಚು. ಒಳಗೆ ಕೆಂಪು ರೇಷ್ಮೆ ಎಳೆ ಕಂಡು, ತಂತಿ ಬಿಳಿಯಾಗಿ ಹೊಳೆದ್ರೆ ಒಳ್ಳೇ ಲಕ್ಷಣ. ತಂತಿಯೇ ತಾಮ್ರದ ಬಣ್ಣಕ್ಕೆ ತಿರುಗಿದ್ರೆ ಅದು ಟೆಸ್ಟೆಡ್ ಜರಿ. ತಾಮ್ರಕ್ಕೆ ಲೇಪ ಕೊಟ್ಟಿದ್ದು, ಕರಗಿಸಿದ್ರೆ ಏನೂ ಹುಟ್ಟಲ್ಲ. ಪ್ಲಾಸ್ಟಿಕ್ ಜರಿಯಾದ್ರೆ ಬೆಂಕಿ ತೋರಿಸಿದ ತಕ್ಷಣ ಮುದುಡಿ ಗುಂಡಾಗುತ್ತೆ. ರೇಷ್ಮೆ ಎಳೆ ಸುಟ್ಟರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗೋ ಬೂದಿ.

ಇನ್ನೊಂದು ಮಾತು. ಹಳೇ ಜರಿ ಕಪ್ಪಾಗಿದೆ ಅಂತ ಕೆಟ್ಟಿದೆ ಅಂದುಕೊಳ್ಳಬೇಡ. ಬೆಳ್ಳಿ ಕಪ್ಪಾಗೋದು ಅದರ ಸ್ವಭಾವ. ಹಸಿರು ಕಿಲುಬು ಹತ್ತಿದ್ರೆ ಮಾತ್ರ ತಾಮ್ರದ ಅನುಮಾನ. ಇಷ್ಟಾದ್ರೂ ಸಂಶಯ ಇದ್ರೆ ಚಿನ್ನದಂಗಡಿಗಳಲ್ಲಿ ಶುದ್ಧತೆ ನೋಡೋ ಎಕ್ಸ್-ರೇ ಯಂತ್ರ ಇರುತ್ತೆ. ಎಳೆ ಕೀಳದೆಯೇ ಅಂಚನ್ನ ಅದರಲ್ಲಿಟ್ಟು ಲೋಹ ಯಾವುದು ಅಂತ ನೋಡಬಹುದು.

ಅಕ್ಕನ ಮಗಳು: ಎರಡು ಸೀರೆಗೆ ಸಿಲ್ಕ್ ಮಾರ್ಕ್ ಚೀಟಿ ಇದೆ. ಅದು ಸಾಲದಾ?

ಚಿಕ್ಕಮ್ಮ: ಅದು ರೇಷ್ಮೆಗೆ ಮಾತ್ರ ಸಾಕ್ಷಿ. ಬಟ್ಟೆ ಶುದ್ಧ ರೇಷ್ಮೆ ಅಂತ ಹೇಳುತ್ತೆ, ಜರಿ ಬಗ್ಗೆ ಅದು ಏನೂ ಹೇಳಲ್ಲ. ಎಷ್ಟೋ ಜನ ಆ ಚೀಟಿ ನೋಡಿ ಜರಿಗೂ ಸೇರಿಸಿ ದುಡ್ಡು ಕೊಡ್ತಾರೆ.

ಅಕ್ಕನ ಮಗಳು: ಸರಿ, ಉಡೋ ಬೆಲೆಗೆ ಬಾ. ಅಜ್ಜಿಯದು ಮೂರು ಮೈಸೂರು ರೇಷ್ಮೆ ಇವೆ. ಒಂದೇ ಬಣ್ಣದ ಒಡಲು, ತೆಳು ಜರಿ ಅಂಚು, ಅಷ್ಟೇ. ಕಾಂಚೀಪುರದ್ದರ ಮುಂದೆ ಸಾದಾ ಕಾಣುತ್ತೆ. ಇದನ್ನ ಯಾರು ಕೊಳ್ತಾರೆ?

ಚಿಕ್ಕಮ್ಮ: ಮೊದಲು ಹೋಗೋದು ಅವೇ. ನೋಡು, ಆ ಮಗ್ಗಗಳಿಗೆ ಒಂದು ಚರಿತ್ರೆ ಇದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ ಮೈಸೂರಿನಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾಯ್ತು. 1980ರಲ್ಲಿ ಅದು ಕೆಎಸ್‌ಐಸಿಗೆ ಬಂತು. 2005ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಹುರಿ ಹೆಚ್ಚು ಕೊಟ್ಟ ಎಳೆಯ ಕ್ರೇಪು ಅದು. ಅದಕ್ಕೇ ಮೈಮೇಲೆ ನೀರಿನ ಹಾಗೆ ಇಳಿಯುತ್ತೆ. ಸಾದಾ ಅಂದೆಯಲ್ಲ, ಆ ಸಾದಾತನವೇ ಅದರ ಬಲ. ಹತ್ತು ವರ್ಷದ ಹಿಂದಿನ ಕಲ್ಲು, ಮಣಿ, ಬಲೆ ಅಂಟಿಸಿದ ಸೀರೆ ಇವತ್ತು ಯಾರೂ ಉಡಲ್ಲ. ಅರಿಶಿನ ಬಣ್ಣಕ್ಕೆ ತೆಳು ಜರಿ ಅಂಚು ಇವತ್ತೂ ಹೊಸದರ ಹಾಗೇ ಇದೆ. ಜೊತೆಗೆ ನೇಯೋದು ಇಷ್ಟೇ, ಬೇಡಿಕೆ ಅದಕ್ಕಿಂತ ಹೆಚ್ಚು. ಮಳಿಗೆ ಮುಂದೆ ಬೆಳಗಿನ ಜಾವಕ್ಕೇ ಸಾಲು ನಿಲ್ಲೋದನ್ನ ನೀನೂ ಕೇಳಿದ್ದೀಯ. ಹೊಸದು ಸಿಗೋದು ಕಷ್ಟವಾದಷ್ಟೂ ಚೆನ್ನಾಗಿರೋ ಹಳೇದಕ್ಕೆ ಗಿರಾಕಿ.

ಅಕ್ಕನ ಮಗಳು: ಆದರೆ ಎಲ್ಲಾ ಅಂಗಡಿಯಲ್ಲೂ ಮೈಸೂರು ಸಿಲ್ಕ್ ಅಂತ ಮಾರ್ತಾರಲ್ಲ.

ಚಿಕ್ಕಮ್ಮ: ಅದೇ ತೊಡಕು. ಹೊರಗಡೆ ನೇಯ್ದ ಕ್ರೇಪಿಗೂ ಆ ಹೆಸರು ಅಂಟಿಸ್ತಾರೆ. ಈಚಿನ ಅಸಲಿ ಸೀರೆಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ಸಂಖ್ಯೆ, ಹೊಲೊಗ್ರಾಂ ಇರುತ್ತೆ. ಸಂಖ್ಯೆ ಇರೋ ತುದಿಯನ್ನ ಕತ್ತರಿಸಿ ರವಿಕೆಗೆ ಬಳಸಿದ್ರೆ ಮಾರೋವಾಗ ಸಾಕ್ಷಿ ಇಲ್ಲ. ಅಜ್ಜಿಯದರಲ್ಲಿ ಅದೇನೂ ಇರಲಿಕ್ಕಿಲ್ಲ, ಹಾಗಾಗಿ ಬಿಲ್ಲು ಹುಡುಕು. ಅಜ್ಜಿ ಅದನ್ನೇ ಉಟ್ಟು ತೆಗೆಸಿಕೊಂಡ ಮದುವೆ ಫೋಟೋ ಇದ್ರೂ ಆಯ್ತು. ಯಾವ ಇಸವಿ, ಯಾರ ಮದುವೆ ಅಂತ ಬರೆದಿಡು. ಕೊಳ್ಳುವವಳಿಗೆ ಅದೂ ಸೀರೆಯ ಭಾಗವೇ.

ಅಕ್ಕನ ಮಗಳು: ಹಾಗಾದ್ರೆ ಕಾಂಚೀಪುರದವು?

ಚಿಕ್ಕಮ್ಮ: ಅಂಚೂ ಒಡಲೂ ಬೇರೆ ಬಣ್ಣ ಇದ್ದು, ಎರಡೂ ಸೇರೋ ಕಡೆ ಹಿಂದೆ ತಿರುಗಿಸಿ ನೋಡು. ಮೂರು ಲಾಳಿ ಹಾಕಿ ಕೈಮಗ್ಗದಲ್ಲಿ ಸೇರಿಸಿದ್ದಾದ್ರೆ ಅಲ್ಲಿ ಎಳೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರ್ತವೆ. ಅದು ಇಬ್ಬರು ಕೂತು ಮಾಡೋ ಕೆಲಸ. ಆಮೇಲೆ ಮಡಿಕೆ ನೋಡು. ಭಾರದ ಜರಿ ಸೀರೆಯನ್ನ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ರೆ ಆ ಗೆರೆಯಲ್ಲೇ ರೇಷ್ಮೆ ಸೀಳುತ್ತೆ. ಮಡಿಕೆಯಲ್ಲಿ ಸೀಳಿದ ಸೀರೆಗೆ ಉಡೋ ಬೆಲೆ ಹೋಯ್ತು. ಉಳಿಯೋದು ಅಂಚಿನದು. ಅಂಚು, ಸೆರಗು ಬಿಚ್ಚಿ ಹೊಸ ಒಡಲಿಗೆ ಕೂಡಿಸೋರು, ಮಕ್ಕಳ ಲಂಗಕ್ಕೆ ಹಾಕೋರು ಇದ್ದಾರೆ. ಕರಗಿಸೋದಕ್ಕಿಂತ ಅವರು ಹೆಚ್ಚು ಕೊಡ್ತಾರೆ. ಹಾಗಾಗಿ ಹರಿದ ಸೀರೆಯನ್ನೂ ಮೊದಲು ಅವರಿಗೆ ತೋರಿಸು.

ಮಾರೋ ಮುಂಚೆ ಪಾಲಿಶಿಗೆ ಕೊಡಬೇಡ. ಜರಿಯನ್ನ ಏನಾದ್ರೂ ಹಚ್ಚಿ ತಿಕ್ಕಬೇಡ. ತಿಳಿದವರು ಇದ್ದದ್ದನ್ನ ಇದ್ದ ಹಾಗೆ ನೋಡೋಕೆ ಇಷ್ಟಪಡ್ತಾರೆ. ಎಚ್‌ಎಂಟಿ ಕೈಗಡಿಯಾರದ ಪೇಟೆಯಲ್ಲೂ ಇದೇ ಮಾತು. ಬೆಂಗಳೂರಿನಲ್ಲಿ 1961ರಲ್ಲಿ ಶುರುವಾದ ಆ ಕಾರ್ಖಾನೆಯ ಹಳೇ ಜನತಾ, ಪೈಲಟ್ ಗಡಿಯಾರಗಳಲ್ಲಿ ಮುಖ ಮಾಸಿದ್ರೂ ಅಸಲಿಯಾಗಿದ್ರೆ ಸಂಗ್ರಹಕಾರ ಕೈ ಚಾಚ್ತಾನೆ. ಹೊಸ ಬಣ್ಣ ಬಳಿದು ಪಳಪಳ ಮಾಡಿದ್ದನ್ನ ಅವನು ಕೆಳಗಿಡ್ತಾನೆ.

ಅಕ್ಕನ ಮಗಳು: ಇಷ್ಟು ಕೇಳಿದಮೇಲೆ ಒಂದು ವಿಷಯ ಸಲೀಸಾಯ್ತು. ಜರಿಯೇ ಇಲ್ಲದ್ದನ್ನ ಪಕ್ಕಕ್ಕಿಡಬಹುದು. ನಮ್ಮತ್ತೆ ಧಾರವಾಡದವರಲ್ವಾ, ಅವರು ಕೊಟ್ಟ ಒಂದು ಕಪ್ಪು ಇಳಕಲ್ ಸೀರೆ ಇದೆ. ಕೆಂಪು ಸೆರಗು, ಮೈತುಂಬಾ ಸಣ್ಣ ಸಣ್ಣ ದಾರದ ಚಿತ್ರ. ಜರಿ ಒಂದೆಳೆಯೂ ಇಲ್ಲ. ಆ ಕೊಳ್ಳೋರು ಮುಟ್ಟಿ ಕೂಡ ನೋಡಲಿಲ್ಲ. ಕೆಲಸದವರಿಗೆ ಕೊಡೋ ರಾಶಿಗೆ ಹಾಕಿದ್ದೀನಿ.

ಚಿಕ್ಕಮ್ಮ: ಈಗಲೇ ಎದ್ದು ಹೋಗಿ ಆ ರಾಶಿಯಿಂದ ತೆಗೆದಿಡು. ಅದು ಚಂದ್ರಕಾಳಿ ಕಣೇ. ಬೀರುವಿನಲ್ಲಿ ಇರೋದರಲ್ಲೆಲ್ಲ ಅಪರೂಪದ್ದು ಅದೇ ಇರಬಹುದು. ತೆಗೆದಿಟ್ಟು ಬಾ, ಆಮೇಲೆ ಹೇಳ್ತೀನಿ.

ಅಕ್ಕನ ಮಗಳು: ತಂದೆ. ಇಲ್ಲೇ ಇದೆ.

ಚಿಕ್ಕಮ್ಮ: ಹರಡು. ತಲೆಕೆಳಗಾಗಿ ಹರಡು, ಒಳಮೈ ಮೇಲೆ ಬರಲಿ. ಈ ಗೋಪುರ ನೋಡು, ಆ ಆನೆಯ ಮೇಲಿನ ಅಂಬಾರಿ ನೋಡು. ಹಿಂದೆಯೂ ಮುಂದೆಯೂ ಒಂದೇ ಥರ ಇದೆಯಾ?

ಅಕ್ಕನ ಮಗಳು: ಹೌದು. ಎಲ್ಲೂ ಗಂಟು ಕಾಣ್ತಿಲ್ಲ.

ಚಿಕ್ಕಮ್ಮ: ಅದು ಕೈ ಕಸೂತಿ. ಗವಂತಿ, ಮುರ್ಗಿ ಅನ್ನೋ ಹೊಲಿಗೆಗಳು. ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕ್ತಾ ಹೋಗಿ, ಅದೇ ದಾರಿಯಲ್ಲಿ ಹಿಂತಿರುಗಿ ಬಿಟ್ಟ ಜಾಗ ತುಂಬ್ತಾರೆ. ಮೊದಲೇ ನಕ್ಷೆ ಬರೆದುಕೊಳ್ಳೋದಿಲ್ಲ, ಲೆಕ್ಕ ಎಲ್ಲಾ ತಲೆಯಲ್ಲೇ. ಒಂದು ಎಳೆ ತಪ್ಪಿದ್ರೆ ಗೋಪುರ ಮುಚ್ಚಿಕೊಳ್ಳಲ್ಲ. ನೇಗಿ, ಮೆಂತಿ ಅಂತ ಇನ್ನೆರಡು ಹೊಲಿಗೆ ಇವೆ, ಅವು ಹಿಂದೆ ಮುಂದೆ ಒಂದೇ ಆಗಿ ಕಾಣಲ್ಲ. ಯಂತ್ರದ ಕಸೂತಿಯಲ್ಲಿ ಹಿಂದೆ ಬೇರೆ ದಾರದ ಜಾಲ, ಕೆಲವದರಲ್ಲಿ ಅಂಟಿಸಿದ ಕಾಗದದಂಥ ಪದರ ಸಿಗುತ್ತೆ. ಒಳಮೈ ತಿರುಗಿಸಿ ನೋಡೋಕೆ ಬಂದ್ರೆ ಅರ್ಧ ವಿದ್ಯೆ ಬಂದ ಹಾಗೆ.

ಈಗ ಸೆರಗು ಒಡಲಿಗೆ ಸೇರಿರೋ ಗೆರೆ ನೋಡು. ಒಡಲಿನ ಹಾಸು ಹತ್ತಿ, ಸೆರಗಿನ ಹಾಸು ರೇಷ್ಮೆ. ಎರಡನ್ನೂ ಮಗ್ಗದ ಮೇಲೇ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿದ್ದಾರೆ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಕೈ ಅದು. ಈಚಿನ ಎಷ್ಟೋ ಸೀರೆಗಳಲ್ಲಿ ಸೆರಗಿಗೆ ಕೃತಕ ರೇಷ್ಮೆ ಬಂದಿದೆ. ನಿಜವಾದ ರೇಷ್ಮೆಯ ಸೆರಗು, ಕೈ ಕಸೂತಿ ಎರಡೂ ಇರೋದು ಹೆಚ್ಚು ಸಿಗಲ್ಲ. ಇದನ್ನ ಕರಗಿಸಿದ್ರೆ ಒಂದು ರೂಪಾಯಿಯೂ ಹುಟ್ಟಲ್ಲ. ಆದರೆ ನೇಯ್ಗೆ ಕಲಿಯೋ ಶಾಲೆಗಳು, ವಸ್ತುಸಂಗ್ರಹಾಲಯಗಳು, ಬಟ್ಟೆಯ ಇತಿಹಾಸ ಅಭ್ಯಾಸ ಮಾಡೋರು ಇಂಥದ್ದನ್ನ ಹುಡುಕ್ತಾರೆ. ಆ ರಾಶಿಗೆ ಹಾಕೋ ಮುಂಚೆ ಒಮ್ಮೆ ತಿರುಗಿಸಿ ನೋಡದೆ ನಮ್ಮೂರುಗಳಲ್ಲಿ ಎಷ್ಟು ಚಂದ್ರಕಾಳಿಗಳು ನೆಲ ಒರೆಸೋ ಬಟ್ಟೆಯಾಗಿವೆಯೋ. ನೆನೆಸಿಕೊಂಡ್ರೆ ನನಗೆ ಹೊಟ್ಟೆ ಉರಿಯುತ್ತೆ.

ಅಕ್ಕನ ಮಗಳು: ಇದನ್ನ ನಾನು ಮಾರಲ್ಲ.

ಚಿಕ್ಕಮ್ಮ: ಮಾರಬೇಡ ಅಂತ ನಾನು ಹೇಳಲ್ಲ. ಗೊತ್ತಿರೋರ ಕೈಗೆ ಹೋದ್ರೆ ಸರಿ. ಗೊತ್ತಿಲ್ಲದೆ ಹೋಗಬಾರದು.

ಅಕ್ಕನ ಮಗಳು: ಹಾಗಾದ್ರೆ ನನ್ನ ಬ್ಯಾಗ್ ಹೇಳು. ದೊಡ್ಡ ವಿದೇಶಿ ಕಂಪನಿಯದು, ಮೂರು ತಿಂಗಳ ಸಂಬಳ ಹಾಕಿದ್ದೀನಿ. ಇಂಥ ಬ್ಯಾಗು ಚಿನ್ನಕ್ಕಿಂತ ಒಳ್ಳೇ ಹೂಡಿಕೆ ಅಂತ ಆಫೀಸಿನಲ್ಲಿ ಎಲ್ಲರೂ ಹೇಳ್ತಾರೆ.

ಚಿಕ್ಕಮ್ಮ: ಆ ಮಾತು ಎರಡು ಮೂರು ಬ್ಯಾಗುಗಳಿಗೆ ನಿಜ. ಅದನ್ನ ಎಲ್ಲಾ ಬ್ಯಾಗಿಗೂ ಹಚ್ತಾರೆ. ಫ್ರಾನ್ಸಿನ ಎರ್ಮೆಸ್ ಕಂಪನಿಯ ಬರ್ಕಿನ್ ಇದೆಯಲ್ಲ, 1984ರಲ್ಲಿ ನಟಿ ಜೇನ್ ಬರ್ಕಿನ್ ಹೆಸರಿನಲ್ಲಿ ಬಂದದ್ದು, ಅದನ್ನ ಅಂಗಡಿಗೆ ಹೋದ ತಕ್ಷಣ ಕೊಡಲ್ಲ. ಕಂಪನಿಯೇ ಕಡಿಮೆ ಮಾಡಿ, ಗಿರಾಕಿಯನ್ನ ಆರಿಸಿ ಕೊಡುತ್ತೆ. ಹಾಗಾಗಿ ಹೊರಗೆ ಬಂದ ಮೇಲೆ ಅಂಗಡಿ ಬೆಲೆಗಿಂತ ಹೆಚ್ಚಿಗೆ ಹೋಗೋದುಂಟು. ಆಕೆಗಾಗಿ ಮಾಡಿದ ಮೊದಲ ಬ್ಯಾಗನ್ನ 2025ರ ಜುಲೈನಲ್ಲಿ ಪ್ಯಾರಿಸ್ಸಿನ ಸದಬೀಸ್ ಹರಾಜಿನಲ್ಲಿ 86 ಲಕ್ಷ ಯೂರೋಗೆ ಕೊಂಡರು. ಗೀರು ಬಿದ್ದ, ಮಾಸಿದ, ಚೆನ್ನಾಗಿ ಬಳಸಿದ ಬ್ಯಾಗು ಅದು. ಆಕೆ ಅದಕ್ಕೆ ಉಗುರು ಕತ್ತರಿ ನೇತುಹಾಕಿಕೊಂಡಿದ್ದಳು, ಅದೂ ಜೊತೆಗೇ ಹೋಯ್ತು. ಅಷ್ಟು ದುಡ್ಡು ಚರ್ಮಕ್ಕಲ್ಲ. ಯಾರದು, ಯಾವಾಗಿನದು ಅನ್ನೋದಕ್ಕೆ ಪಕ್ಕಾ ಸಾಕ್ಷಿ ಇತ್ತಲ್ಲ, ಅದಕ್ಕೆ.

ಅಕ್ಕನ ಮಗಳು: ನನ್ನದಕ್ಕೆ ಅಂಥ ಭಾಗ್ಯ ಇಲ್ಲ.

ಚಿಕ್ಕಮ್ಮ: ನಿನ್ನದನ್ನ ಕಂಪನಿ ವರ್ಷವರ್ಷ ಬೇಕಾದಷ್ಟು ಮಾಡುತ್ತೆ, ಋತು ಮುಗಿದಮೇಲೆ ರಿಯಾಯಿತಿ ಮಳಿಗೆಯಲ್ಲೂ ಇಡುತ್ತೆ. ಕಂಪನಿಯೇ ಅರ್ಧ ಬೆಲೆಗೆ ಕೊಡೋದನ್ನ ನಿನ್ನಿಂದ ಯಾರು ಪೂರ್ತಿ ಬೆಲೆಗೆ ಕೊಳ್ತಾರೆ? ರಿಯಾಯಿತಿಗೆ ಎಂದೂ ಬರದ, ಬಣ್ಣ ಆಕಾರ ದಶಕಗಟ್ಟಲೆ ಬದಲಾಗದ ಮಾದರಿ ಮಾತ್ರ ಬೆಲೆ ಹಿಡಿಯುತ್ತೆ. ಶನೆಲ್‌ನ 2.55 ಅನ್ನೋದು 1955ರ ಫೆಬ್ರವರಿಯ ಬ್ಯಾಗು, ಹೆಸರೇ ತಿಂಗಳೂ ಇಸವಿಯೂ. ಇವತ್ತೂ ಅದೇ ರೂಪ. ಮೈಸೂರು ರೇಷ್ಮೆಗೆ ಹೇಳಿದ್ದೇ ಇಲ್ಲಿಗೂ ಅನ್ವಯಿಸುತ್ತೆ. ಆದರೂ ಮಾರೋದಾದ್ರೆ ಬಿಲ್ಲು, ಡಬ್ಬಿ, ಬಟ್ಟೆ ಚೀಲ ಎಲ್ಲಾ ಒಟ್ಟಿಗಿಡು. ಒಳಗಿನ ಸಂಖ್ಯೆಯ ಫೋಟೋ ತೆಗೆದಿಡು. ಚೀಟಿ ಕಾರ್ಡುಗಳನ್ನೂ ನಕಲು ಮಾಡ್ತಾರೆ, ಅದಕ್ಕೇ ಕಂಪನಿಗಳು ಈಗ ಒಳಗೆ ಚಿಪ್ ಇಡೋಕೆ ಶುರುಮಾಡಿವೆ. 10 ಲಕ್ಷ ದಾಟಿದ ಕೈಚೀಲ, ಗಡಿಯಾರ ಹೊಸದಾಗಿ ಕೊಂಡ್ರೆ 2025ರ ಏಪ್ರಿಲ್‌ನಿಂದ ನಮ್ಮಲ್ಲಿ ಅಂಗಡಿಯವರು ಶೇಕಡಾ 1 ತೆರಿಗೆ ಮುಂಗಡ ಹಿಡೀತಾರೆ, ಅದೂ ಗೊತ್ತಿರಲಿ.

ಅಕ್ಕನ ಮಗಳು: ಒಟ್ಟಿನಲ್ಲಿ ಬಟ್ಟೆಬರೆ ಹೂಡಿಕೆಯೇ ಅಲ್ಲ ಅಂತೀಯಾ? ಅಮ್ಮ ಕೊಟ್ಟ ಬೆಲೆಗೂ ಇವತ್ತಿನ ಬೆಲೆಗೂ ಎಷ್ಟು ವ್ಯತ್ಯಾಸ ನೋಡು.

ಚಿಕ್ಕಮ್ಮ: ಆ ವರ್ಷಗಳಲ್ಲಿ ಅಕ್ಕಿಯ ಬೆಲೆ ಎಷ್ಟು ಏರಿದೆ, ಅದೇ ದುಡ್ಡಿಗೆ ಚಿನ್ನ ತಂದಿದ್ರೆ ಎಷ್ಟಾಗ್ತಿತ್ತು, ಅದನ್ನೂ ಪಕ್ಕದಲ್ಲಿ ಬರಿ. ಸೀರೆಗೆ ಬಡ್ಡಿ ಇಲ್ಲ. ರೇಷ್ಮೆ ಬೆಳಕಿಗೆ, ಬೆವರಿಗೆ, ಹುಳಕ್ಕೆ ಕೆಡುತ್ತೆ. ಕೊಂಡಾಗ ಕೊಟ್ಟ ನೇಯ್ಗೆ ಕೂಲಿ, ಅಂಗಡಿ ಲಾಭ, ತೆರಿಗೆ ಯಾವುದೂ ವಾಪಸ್ ಬರಲ್ಲ. ಮಾರೋಕೆ ಹೋದ್ರೆ ಮಧ್ಯದವರಿಗೆ ಪಾಲು. ಹೂಡಿಕೆ ಮಾಡ್ತೀನಿ ಅಂತ ಸೀರೆ ಕೊಳ್ಳಬೇಡ, ಬ್ಯಾಗಂತೂ ಬೇಡವೇ ಬೇಡ. ಉಡೋಕೆ ಕೊಳ್ಳು, ಉಡು. ಒಂದು ಅನುಕೂಲ ಮಾತ್ರ ಇದೆ. ಸ್ವಂತ ಬಳಕೆಯ ಉಡುಪನ್ನ ಆದಾಯ ತೆರಿಗೆ ಕಾಯ್ದೆ ಬಂಡವಾಳ ಆಸ್ತಿ ಅಂತ ಎಣಿಸಲ್ಲ, ಹಾಗಾಗಿ ಒಂದೆರಡು ಹಳೇ ಸೀರೆ ಮಾರಿ ಬಂದ ಲಾಭಕ್ಕೆ ಆ ತೆರಿಗೆ ಇಲ್ಲ. ಒಡವೆಗೆ ಆ ವಿನಾಯಿತಿ ಇಲ್ಲ. ಬಟ್ಟೆಗೆ ರತ್ನ ಹೊಲಿದಿದ್ರೂ ಕಾಯ್ದೆ ಅದನ್ನ ಒಡವೆ ಅಂತಲೇ ಎಣಿಸುತ್ತೆ. ಕೊಂಡು ಮಾರೋದನ್ನೇ ಕಸುಬು ಮಾಡಿಕೊಂಡ್ರೆ ಅದು ವ್ಯಾಪಾರ, ಅದರ ಲೆಕ್ಕ ಬೇರೆ.

ಅಕ್ಕನ ಮಗಳು: ಅಮೆರಿಕದಲ್ಲಿರೋ ತಂಗಿ, ಮುತ್ತಜ್ಜಿಯ ಮದುವೆ ಸೀರೆ ತನಗೆ ಕಳಿಸು ಅಂತಿದ್ದಾಳೆ. ಅಲ್ಲಿ ಒಳ್ಳೇ ಬೆಲೆ ಬರುತ್ತಂತೆ.

ಚಿಕ್ಕಮ್ಮ: ಮುತ್ತಜ್ಜಿ ಮದುವೆ ಯಾವ ಇಸವಿ, ಮೊದಲು ಕೇಳು. ನೂರು ವರ್ಷ ತುಂಬಿದ ಕರಕುಶಲ ವಸ್ತು 1972ರ ಪುರಾವಸ್ತು ಕಾಯ್ದೆಗೆ ಒಳಪಡಬಹುದು. ಅಂಥದ್ದನ್ನ ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ನೂರರ ಆಸುಪಾಸು ಅನುಮಾನ ಇದ್ರೆ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಇದು ಪುರಾವಸ್ತು ಅಲ್ಲ ಅಂತ ಪ್ರಮಾಣಪತ್ರ ತಗೊಂಡೇ ಕಳಿಸಬೇಕು. ಸೂಟ್‌ಕೇಸಿನಲ್ಲಿ ಸೀರೆ ತಾನೇ ಅಂತ ಸೇರಿಸಿಬಿಡಬೇಡ. ಅದರ ಜೊತೆಗೆ ಉಂಗುರದೊಳಗಿಂದ ತೂರೋವಷ್ಟು ತೆಳು ಕಾಶ್ಮೀರಿ ಶಾಲು ಇದ್ರೆ ಹುಷಾರು. ಶಾಹತೂಷ್ ಆಗಿದ್ರೆ ಅದು ಚಿರು ಅನ್ನೋ ಟಿಬೆಟಿನ ಪ್ರಾಣಿಯನ್ನ ಕೊಂದು ತೆಗೆದ ಉಣ್ಣೆ. ವನ್ಯಜೀವಿ ಕಾಯ್ದೆಯಲ್ಲಿ ಅದರ ವ್ಯಾಪಾರ ಅಪರಾಧ. ಎಷ್ಟು ಬೆಲೆ ಬಂದ್ರೂ ಮಾರೋ ಮಾತೇ ಇಲ್ಲ.

ಅಕ್ಕನ ಮಗಳು: ಹಾಗಾದ್ರೆ ನಾಳೆ ಆ ಜರಿಯವರು ಬಂದ್ರೆ ಏನು ಹೇಳಲಿ?

ಚಿಕ್ಕಮ್ಮ: ಬರಲಿ. ಮಡಿಕೆಯಲ್ಲಿ ಪೂರ್ತಿ ಸೀಳಿ, ಅಂಚೂ ಹರಿದು, ಯಾರಿಗೂ ಕೂಡಿಸೋಕೆ ಬಾರದ ಸೀರೆಗಳನ್ನ ಅವರಿಗೆ ಕೊಡು, ಆ ದಿನದ ಬೆಳ್ಳಿ ಧಾರಣೆ ಕೈಯಲ್ಲಿಟ್ಟುಕೊಂಡು, ತಕ್ಕಡಿಯಲ್ಲಿ ತೂಗಿಸಿ, ಒಂದೊಂದಾಗಿ ಕೊಡು. ಎಲ್ಲಾ ಸೇರಿಸಿ ಇಷ್ಟು ಅನ್ನೋ ಮಾತಿಗೆ ಒಪ್ಪಬೇಡ. ಉಳಿದವನ್ನ ಬಿಚ್ಚಿ ಗಾಳಿಗೆ ಹಾಕಿ, ಮಡಿಕೆ ಬದಲಿಸಿ, ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿಡು. ಪ್ಲಾಸ್ಟಿಕ್ ಬೇಡ, ನುಸಿ ಗುಳಿಗೆ ಜರಿಗೆ ತಾಗೋದು ಬೇಡ. ಅಮ್ಮನ ಹತ್ತಿರ ಕೂತು ಒಂದೊಂದಕ್ಕೂ ಯಾರದು, ಯಾವಾಗ, ಎಲ್ಲಿ ಕೊಂಡದ್ದು ಅಂತ ಕೇಳಿ ಬರಿ, ಮುಂದೂ ಹಿಂದೂ ಫೋಟೋ ತೆಗಿ. ಇದನ್ನ ಹೇಳಬಲ್ಲವಳು ಈಗ ಅವಳೊಬ್ಬಳೇ. ಈ ವಾರವೇ ಕೇಳು.